ಗುಜರಿ ಗ್ರಿಲ್‌ಗೆ ಮತ್ತೆ ಬೆಂಕಿ



ಹಳೆಯ ಗ್ಯಾಸ್ ಗ್ರಿಲ್ ಒಂದನ್ನು ನಮ್ಮ ಯುವ ಸಂಘದವರು ರಿಪೇರಿ ಮಾಡುತ್ತಿದ್ದೇವೆ ಎಂಬ ಸುದ್ದಿ ಹರಡಿದಾಗಿನಿಂದ ಎರಡು ಬಗೆಯ ಮಾತು ನಮ್ಮ ಕಿವಿಗೆ ಬೀಳುತ್ತಿದೆ. ಒಂದು, "ಆ ತುಕ್ಕು ಹಿಡಿದ ಡಬ್ಬಕ್ಕೆ ಯಾಕಪ್ಪಾ ಇಷ್ಟು ಒದ್ದಾಟ, ಹೊಸದು ತಗೊಳ್ರಿ." ಇನ್ನೊಂದು ನಮ್ಮ ವಯಸ್ಸಿನವರದೇ ಮಾತು: "ಮೊಬೈಲ್‌ನಲ್ಲಿ ವಿಡಿಯೋ ನೋಡಿದ್ರೆ ಎಲ್ಲಾ ನಾವೇ ಮಾಡ್ಕೋಬಹುದು, ರಿಪೇರಿಯವರು ಯಾಕೆ ಬೇಕು?" ನಮಗೆ ಎರಡೂ ಸರಿ ಕಾಣುವುದಿಲ್ಲ. ಗ್ರಿಲ್ ಎಂಬುದು ಒಂದು ವಸ್ತುವಲ್ಲ, ಎರಡು. ಬೆಂಕಿ ಮತ್ತು ಅಡುಗೆ ಮುಟ್ಟುವ ಭಾಗ ಒಂದು, ಗ್ಯಾಸ್ ಹರಿಯುವ ಭಾಗ ಇನ್ನೊಂದು. ಮೊದಲನೆಯದನ್ನು ಗುಜರಿಯಿಂದ ತಂದು, ಬಗ್ಗಿಸಿ, ಬಡಿದು ನಾವೇ ಮಾಡಬಹುದು, ಮಾಡಲೇಬೇಕು. ಎರಡನೆಯದಕ್ಕೆ ಗುಜರಿಯ ಒಂದು ತಿರುಪು ಕೂಡ ಬೇಡ.

ಗ್ರಿಲ್ ಬಂದದ್ದು ಬೆಂಗಳೂರಿನ ಅಪಾರ್ಟ್‌ಮೆಂಟಿನಿಂದ. ಮನೆ ಖಾಲಿ ಮಾಡಿದವರು ಸುಮ್ಮನೆ ಕೊಟ್ಟರು. ಮೂರು ಬರ್ನರ್, ಮೇಲೆ ಮುಚ್ಚಳ, ಕೆಳಗೆ ಕೊಳೆತ ತಗಡಿನ ಕಾಲುಗಳು. ಪೆಟ್ಟಿಗೆ ಮಾತ್ರ ಎರಕದ ಅಲ್ಯೂಮಿನಿಯಂ, ಅದಕ್ಕೆ ಏನೂ ಆಗಿರಲಿಲ್ಲ.

ಕಾಲಿನಿಂದಲೇ ಶುರು ಮಾಡಿದೆವು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮನೆಗಳು ಎಷ್ಟಿವೆ ಎಂದು ನಿಮಗೆ ಹೇಳಬೇಕಾಗಿಲ್ಲ. ಮೋಟಾರ್ ಮಷಿನ್ ಬಂದ ಮೇಲೆ ಕಾಲಿನಲ್ಲಿ ತುಳಿಯುವ ಹಳೆಯ ಮಷಿನ್‌ಗಳ ಬೀಡು ಕಬ್ಬಿಣದ ಸ್ಟ್ಯಾಂಡ್‌ಗಳು ಗುಜರಿಗೆ ಬೀಳುತ್ತವೆ, ಅಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತವೆ. ಅಂಥ ಒಂದು ಸ್ಟ್ಯಾಂಡ್ ಮೇಲೆ ಪೆಟ್ಟಿಗೆಯನ್ನು ಬೋಲ್ಟ್ ಹಾಕಿ ಕೂರಿಸಿದೆವು. ಅಂಗಡಿಯಲ್ಲಿ ಸಿಗುವ ಹೊಸ ಗ್ರಿಲ್‌ನ ತಗಡಿನ ಕಾಲಿಗಿಂತ ಇದು ಗಟ್ಟಿ, ಗಾಳಿ ಬೀಸಿದರೂ ಅಲುಗಾಡುವುದಿಲ್ಲ. ಅಜ್ಜಿಯೊಬ್ಬರು ನೋಡಿ "ಈ ಮಷಿನ್ ತುಳಿದೇ ನನ್ನ ಮೂರು ಮಕ್ಕಳನ್ನ ಓದಿಸಿದ್ದು" ಎಂದರು. ಆಮೇಲೆ ಅದಕ್ಕೆ ಬಣ್ಣ ಬಳಿಯುವ ಮನಸ್ಸೇ ಬರಲಿಲ್ಲ. ಕೆಳಗೆ ಕೊಬ್ಬು ತೊಟ್ಟಿಕ್ಕುವ ತಟ್ಟೆಗೆ 15 ಕೆಜಿಯ ಎಣ್ಣೆ ಡಬ್ಬ ಕತ್ತರಿಸಿ, ಅಂಚನ್ನು ಒಳಕ್ಕೆ ಮಡಚಿದೆವು.

ಬರ್ನರ್ ಮೇಲೆ ಕವುಚಿಡುವ ಒಂದು ತಗಡು ಇರುತ್ತದೆ. ಮಾಂಸದ ಕೊಬ್ಬು ನೇರವಾಗಿ ಉರಿಯ ಮೇಲೆ ಬೀಳದಂತೆ ತಡೆಯುವುದು, ಬಿಸಿಯನ್ನು ಹರಡುವುದು ಅದರ ಕೆಲಸ. ಹಳೆಯದು ಜರಡಿಯಾಗಿತ್ತು. ಮಡಕಶಿರದ ನಮ್ಮ ಗೆಳೆಯರು ಅಲ್ಲಿಯ ಗೇಟ್ ವೆಲ್ಡಿಂಗ್ ಅಂಗಡಿಯಲ್ಲಿ ಉಳಿದ 2 ಮಿ.ಮೀ. ಕಬ್ಬಿಣದ ಶೀಟ್ ತುಂಡುಗಳನ್ನು ತಂದು ತಲೆಕೆಳಗಾದ V ಆಕಾರಕ್ಕೆ ಬಗ್ಗಿಸಿಕೊಟ್ಟರು. (ರಾಯದುರ್ಗ-ತುಮಕೂರು ರೈಲು ಮಾರ್ಗ ಕಲ್ಯಾಣದುರ್ಗ, ಪಾವಗಡ, ಮಡಕಶಿರ, ಮಧುಗಿರಿಯ ಮೇಲೆ ಹೋಗಬೇಕಾದದ್ದು. ಅದು ಪೂರ್ತಿಯಾದರೆ ನಮ್ಮ ಎರಡು ಊರಿನ ಹುಡುಗರು ಕಬ್ಬಿಣ ಹೊತ್ತುಕೊಂಡು ಬಸ್ಸು ಬದಲಿಸುವುದು ತಪ್ಪುತ್ತದೆ.)

ನಾವೇ ಮಾಡುವ ಭಾಗದಲ್ಲೂ ಸಿಕ್ಕಿದ್ದೆಲ್ಲ ನಡೆಯುವುದಿಲ್ಲ. ಮನೆಯ ಮೇಲೆ ಹಾಕುವ ಬಿಳಿ ಜಿಐ ಶೀಟ್ ಅಗ್ಗವಾಗಿ ಸಿಗುತ್ತದೆ, ಆದರೆ ಅದರ ಮೇಲಿರುವುದು ಸತುವಿನ ಲೇಪ. ಅದು ಸುಮಾರು 420 ಡಿಗ್ರಿಗೇ ಕರಗುತ್ತದೆ, ಇನ್ನೂ ಕಾದರೆ ಬರುವ ಹೊಗೆ ಮೈಗೆ ಒಳ್ಳೆಯದಲ್ಲ. ಜಿಐ ಪೈಪು ಬೆಸೆದ ದಿನ ರಾತ್ರಿ ವೆಲ್ಡಿಂಗ್‌ನವರಿಗೆ ಚಳಿಜ್ವರ ಬರುವುದು ಇದರಿಂದಲೇ. ಹಳೆಯ ಫ್ರಿಜ್‌ನ ಜಾಲರಿ ಅಳತೆಗೆ ಸರಿಹೊಂದುತ್ತದೆ ಎಂದು ಒಬ್ಬರು ಹೊತ್ತು ತಂದರು. ಅದರ ಲೇಪದಲ್ಲಿ ಸತುವೋ ಕ್ಯಾಡ್ಮಿಯಂ ಎಂಬ ವಿಷವೋ ಇರಬಹುದು. ಫ್ರಿಜ್‌ನಲ್ಲಿ ತಣ್ಣಗಿದ್ದಾಗ ಅದರಿಂದ ತೊಂದರೆಯಿಲ್ಲ, ಉರಿಯ ಮೇಲೆ ಊಟಕ್ಕೆ ತಾಗಿದರೆ ಕಥೆ ಬೇರೆ. ಟಿಎಂಟಿ ಕಂಬಿ ಬೇಡವೆಂದದ್ದು ಇನ್ನೊಂದು ಕಾರಣಕ್ಕೆ: ಅದರ ಗೆರೆಗಳಲ್ಲಿ ಕೊಬ್ಬು ಕೂತರೆ ಉಜ್ಜಿದರೂ ಹೋಗದು.

ಸ್ಟೀಲ್ ಹಾಕೋಣ ಎಂದರೆ ರೇಲಿಂಗ್ ಅಂಗಡಿಗಳಲ್ಲಿ 304 ಎಂದು ಹೇಳಿ 202 ಕೊಡುವುದೂ ಉಂಟು. ಎರಡಕ್ಕೂ ಅಯಸ್ಕಾಂತ ಅಂಟುವುದಿಲ್ಲ, ಆದ್ದರಿಂದ ಆ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬಾರದು. ಕೊನೆಗೆ ನಾವು ಬಳಸಿದ್ದು 8 ಮಿ.ಮೀ.ಯ ಸಾದಾ ಕಬ್ಬಿಣದ ನುಣುಪು ಸರಳು, ಒಂದೊಂದರ ನಡುವೆ ಒಂದು ಬೆರಳು ಜಾಗ. ತಂತಿ ಬ್ರಷ್‌ನಲ್ಲಿ ತಿಕ್ಕಿ, ತೊಳೆದು, ಒರೆಸಿ, ಕಡಲೆಕಾಯಿ ಎಣ್ಣೆ ತೆಳ್ಳಗೆ ಸವರಿ ಹೊಗೆ ನಿಲ್ಲುವವರೆಗೆ ಕಾಯಿಸಿದೆವು. ಹಾಗೆ ನಾಲ್ಕು ಸಲ. ಹೊಸ ರೊಟ್ಟಿ ಹಂಚನ್ನು ನಮ್ಮ ಅಮ್ಮಂದಿರು ಪಳಗಿಸುವುದು ಹೀಗೆಯೇ, ಇದರಲ್ಲಿ ನಾವು ಕಂಡುಹಿಡಿದದ್ದು ಏನೂ ಇಲ್ಲ. ಒಂದು ಎಚ್ಚರಿಕೆ ಮಾತ್ರ: ತಂತಿ ಬ್ರಷ್‌ನ ಎಳೆ ಮುರಿದು ಜಾಲರಿಯಲ್ಲಿ ಸಿಕ್ಕಿಕೊಂಡರೆ ಅದು ಊಟದ ಜೊತೆ ಗಂಟಲಿಗೆ ಹೋಗುತ್ತದೆ. ತಿಕ್ಕಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಕು.

ಇಲ್ಲಿಗೆ ನಮ್ಮ ಕೈಕೆಲಸ ಮುಗಿಯಿತು. ಮುಂದಿನದು ಗ್ಯಾಸ್.

ಬಿಎಸ್ಸಿ ಲ್ಯಾಬ್‌ನಲ್ಲಿ ಬುನ್ಸೆನ್ ಬರ್ನರ್ ಹಚ್ಚಿದವರಿಗೆ ಇದು ಗೊತ್ತಿರುವ ವಿಷಯ. ಸಣ್ಣ ಹಿತ್ತಾಳೆ ಜೆಟ್‌ನ ತೂತಿನಿಂದ ಗ್ಯಾಸ್ ರಭಸವಾಗಿ ನುಗ್ಗುವಾಗ ಪಕ್ಕದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಎರಡೂ ಸರಿಯಾಗಿ ಬೆರೆತರೆ ನೀಲಿ ಉರಿ. ಗ್ಯಾಸ್ ಹೆಚ್ಚಾಗಿ ಗಾಳಿ ಸಾಲದಿದ್ದರೆ ಹಳದಿ ಉರಿ, ಪಾತ್ರೆಗೆ ಮಸಿ, ಮುಚ್ಚಿದ ಕೋಣೆಯಾದರೆ ಕಾರ್ಬನ್ ಮಾನಾಕ್ಸೈಡ್. ಜೆಟ್‌ನ ತೂತು 1 ಮಿ.ಮೀ. ಇದ್ದದ್ದು 1.2 ಆದರೆ "ಸ್ವಲ್ಪ ದೊಡ್ಡದಾಯಿತು" ಅಷ್ಟೇ ಅನ್ನಿಸುತ್ತದೆ. ಆದರೆ ಗ್ಯಾಸ್ ಹೋಗುವುದು ತೂತಿನ ವಿಸ್ತೀರ್ಣದ ಲೆಕ್ಕದಲ್ಲಿ, ಅದು ಶೇ. 44 ಹೆಚ್ಚುತ್ತದೆ. ಒಲೆ ಉರಿಯದಿದ್ದಾಗ ಗುಂಡುಸೂಜಿ ಹಾಕಿ ಜೆಟ್ ಚುಚ್ಚುವ ಅಭ್ಯಾಸ ನಮ್ಮ ಮನೆಗಳಲ್ಲಿದೆಯಲ್ಲ, ಮೆತ್ತನೆಯ ಹಿತ್ತಾಳೆಗೆ ಅದೇ ಸಾಕು.

ಬೆಂಗಳೂರಿನಿಂದ ಬಂದ ಗ್ರಿಲ್ ಎಂಬುದಕ್ಕೂ ಇಲ್ಲಿ ಅರ್ಥವಿದೆ. ಅಲ್ಲಿ ಎಷ್ಟೋ ಮನೆಗಳಿಗೆ ಪೈಪಿನಲ್ಲಿ ನೈಸರ್ಗಿಕ ಅನಿಲ ಬರುತ್ತದೆ. ಅದೇ ಅಳತೆಯ ಎಲ್‌ಪಿಜಿಯಲ್ಲಿ ಅದರ ಎರಡೂವರೆ ಪಟ್ಟಿಗೂ ಹೆಚ್ಚು ಶಾಖವಿದೆ, ಹಾಗಾಗಿ ಪೈಪಿನ ಗ್ಯಾಸಿನ ಜೆಟ್‌ಗಳ ತೂತು ದೊಡ್ಡದು. ಅಂಥ ಗ್ರಿಲ್ ತಂದು ನಮ್ಮ ಕೆಂಪು ಸಿಲಿಂಡರ್‌ಗೆ ಸಿಕ್ಕಿಸಿದರೆ ಉರಿ ಮೊಣಕೈವರೆಗೆ ಏಳುತ್ತದೆ. ಇದನ್ನು ವಿಡಿಯೋದಲ್ಲಿ ಹೇಳುವುದಿಲ್ಲ, ವರ್ಷಗಟ್ಟಲೆ ಒಲೆ ಬಿಚ್ಚಿದವರು ಜೆಟ್ ಕೈಗೆತ್ತಿಕೊಂಡ ಕೂಡಲೇ ಹೇಳುತ್ತಾರೆ.

ಅದಕ್ಕೇ ಸ್ಟೌ ರಿಪೇರಿಯ ಅಣ್ಣನನ್ನು ಕರೆದೆವು. ಅಂಗಡಿಯ ಬೋರ್ಡು ತೆಲುಗಿನಲ್ಲಿ, ಬೈಗುಳ ಮಾತ್ರ ಅಚ್ಚ ಕನ್ನಡದಲ್ಲಿ. ಬರ್ನರ್ ಪೈಪಿನೊಳಗೆ ಕಣಜ ಕಟ್ಟಿದ ಮಣ್ಣಿನ ಗೂಡು ತೆಗೆದು ತೋರಿಸಿದರು. ಹಾಗೆಯೇ ಹಚ್ಚಿದ್ದರೆ ಉರಿ ಹಿಂದಕ್ಕೆ ತಿರುಗಿ ನಾಬ್‌ನ ಹತ್ತಿರ ಬರುತ್ತಿತ್ತು. ಮೂರು ಬರ್ನರ್‌ಗಳಲ್ಲಿ ಒಂದರ ತೂತುಗಳು ತುಕ್ಕು ತಿಂದು ಒಂದಕ್ಕೊಂದು ಸೇರಿಹೋಗಿದ್ದವು. ಪೈಪಿಗೆ ಡ್ರಿಲ್ ಹೊಡೆದು ನಾವೇ ಹೊಸ ಬರ್ನರ್ ಮಾಡೋಣ ಎಂಬ ಉಮೇದು ನಮ್ಮಲ್ಲಿ ಕೆಲವರಿಗೆ ಇತ್ತು. ಅಣ್ಣ ಒಪ್ಪಲಿಲ್ಲ, ಒಪ್ಪದಿದ್ದದ್ದು ಸರಿ. ಆ ಬರ್ನರ್‌ನ ವಾಲ್ವ್ ಬಿಚ್ಚಿ ಹಿತ್ತಾಳೆ ಪ್ಲಗ್ ಹಾಕಿ ಖಾಯಂ ಮುಚ್ಚಿಸಿದೆವು. ಗ್ರಿಲ್‌ಗೆ ಈಗ ಎರಡೇ ಬರ್ನರ್. ಉರಿ ಇಲ್ಲದ ಆ ಮೂರನೇ ಭಾಗದಲ್ಲಿ ಬೆಂದ ಕೋಳಿ, ಗೆಣಸು ಸೀದುಹೋಗದೆ ಬೆಚ್ಚಗಿರುತ್ತವೆ, ಅಡುಗೆಗೆ ಅದೇ ಅನುಕೂಲ.

ಹೋಸ್ ಹೊಸದು, ಒಳಗೆ ತಂತಿ ಇರುವ ಸುರಕ್ಷಾ ಹೋಸ್. ಅದನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ರೆಗ್ಯುಲೇಟರ್ ಮನೆಯ ಒಲೆಗೆ ಬಳಸುವಂಥ ಕಡಿಮೆ ಒತ್ತಡದ್ದು. ಮದುವೆ ಅಡುಗೆಯ ಭಟ್ಟಿ ಒಲೆಗೆ ಹಾಕುವ ಹೈ ಪ್ರೆಶರ್ ರೆಗ್ಯುಲೇಟರ್ ಇದಕ್ಕೆ ಹಾಕಿದರೆ ನಾಬ್‌ಗಳೇ ತಡೆಯಲಾರವು. ಲೀಕ್ ನೋಡಿದ್ದು ಸೋಪಿನ ನೀರಿನಲ್ಲಿ. ಕಡ್ಡಿ ಗೀರಿ ನೋಡುವ ಧೈರ್ಯಶಾಲಿಗಳು ದಯವಿಟ್ಟು ನಮ್ಮ ಹತ್ತಿರ ಬರಬೇಡಿ. ಹಚ್ಚುವಾಗ ಮುಚ್ಚಳ ತೆರೆದೇ ಇರಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಮುಚ್ಚಿದ ಪೆಟ್ಟಿಗೆಯ ತಳದಲ್ಲಿ ಕೂತು ಕಾಯುತ್ತದೆ. ವಾಸನೆ ಬಂದು ಲೀಕ್ ಎಂದು ಗೊತ್ತಾದರೆ ಸಹಾಯಕ್ಕೆ 1906 ಇದೆ, ಬರೆದಿಟ್ಟುಕೊಳ್ಳಿ.

ನಮ್ಮ ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಆ ಅಣ್ಣನ ಕೂಲಿ ಮತ್ತು ಹೋಸ್, ರೆಗ್ಯುಲೇಟರ್‌ನದು. "ಅಷ್ಟು ಕೊಟ್ರಾ?" ಎಂದು ಕೇಳಿದವರಿಗೆ ನಮ್ಮದೊಂದು ಪ್ರಶ್ನೆ. ಶೋರೂಮಿನಲ್ಲಿ ಸ್ಟಿಕ್ಕರ್ ಮೇಲೆ ಬರೆದ ಬೆಲೆಯನ್ನು ತುಟಿ ಪಿಟಕ್ಕೆನ್ನದೆ ಕೊಡುವ ನಾವು, ಬಿಸಿಲಲ್ಲಿ ಕೂತು ಒಲೆ ಸರಿಮಾಡುವವರ ಹತ್ತಿರ ಐವತ್ತು ರೂಪಾಯಿಗೆ ಅರ್ಧ ಗಂಟೆ ಚೌಕಾಶಿ ಮಾಡುತ್ತೇವಲ್ಲ, ಯಾಕೆ? ಹಳೆಯದನ್ನು ಉಳಿಸುವುದು ಎಂದರೆ ಈ ಕಸುಬಿನವರ ಕೂಲಿಯನ್ನೂ ಉಳಿಸುವುದು ಎಂದು ನಾವು ತಿಳಿದಿದ್ದೇವೆ. ಅವರ ಮಗ ಈ ಕೆಲಸಕ್ಕೆ ಬರದೆ ಬೆಂಗಳೂರಿಗೆ ಹೋಗಿದ್ದಾನೆ. ಅವರ ನಂತರ ಜೆಟ್ ನೋಡಿ ಹೇಳುವವರು ನಮ್ಮಲ್ಲಿ ಯಾರಾದರೂ ಆಗಬಾರದೇಕೆ? ಇಬ್ಬರು ಹುಡುಗಿಯರು, ಒಬ್ಬ ಹುಡುಗ ಭಾನುವಾರ ಪೂಜೆ ಮುಗಿದ ಮೇಲೆ ಅವರ ಅಂಗಡಿಗೆ ಹೋಗಿ ಕಲಿಯುತ್ತಿದ್ದಾರೆ.

ಕ್ರಿಸ್ಮಸ್ ಸ್ಟಾಲ್‌ನಲ್ಲಿ ಈ ಗ್ರಿಲ್ ಇಡಬೇಕೆಂಬ ಮಾತು ನಡೆದಿದೆ. ಹಾಗಾದರೆ ಮನೆಯ 14.2 ಕೆಜಿ ಸಿಲಿಂಡರ್ ತರಬೇಡಿ, ಅದು ಮನೆಯ ಅಡುಗೆಗೆ ಮಾತ್ರ. ಮಾರಾಟದ ಅಡುಗೆಗೆ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಬೇಕು, ಅದಕ್ಕೆ ಹೊಂದುವ ಕಡಿಮೆ ಒತ್ತಡದ ರೆಗ್ಯುಲೇಟರ್ ಬೇರೆ. ಎರಡನ್ನೂ ಅಣ್ಣನ ಹತ್ತಿರ ಹೇಳಿಟ್ಟಿದ್ದೇವೆ.

ಮುಚ್ಚಳದ ಹಿಡಿ ಒಂದು ಬಾಕಿ ಇದೆ. ಕಬ್ಬಿಣ ಹಾಕಿದರೆ ಕೈ ಸುಡುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ಯಾರ ಮನೆಯಲ್ಲಾದರೂ ಮುರಿದ ಗುದ್ದಲಿಯದೋ ಕೊಡಲಿಯದೋ ಜಾಲಿ ಮರದ ಕಾವು ಇದ್ದರೆ ಬರುವ ಭಾನುವಾರ ತನ್ನಿ. ಒಂದು ಅಡಿ ಉದ್ದ ಸಾಕು.