ಹರಿಗೋಲೆಂದರೆ ಮೂಗು ಮುರಿಯುವವರಿಗೆ

ಹಾಯಿನೌಕೆಯೆಂದರೆ ನಮ್ಮ ವಿದ್ಯಾವಂತರಿಗೆ ಎಲ್ಲಿಲ್ಲದ ಗೌರವ. ಭಾರತೀಯ ಸೈನ್ಯದ ಎಂಜಿನಿಯರ್ ದಳದವರು 1985ರಿಂದ 1987ರವರೆಗೆ ‘ತೃಷ್ಣಾ’ ಎಂಬ ಸಣ್ಣ ಹಾಯಿನೌಕೆಯಲ್ಲಿ ಭೂಮಂಡಲವನ್ನೇ ಸುತ್ತಿ ಬಂದರು. 2017-18ರಲ್ಲಿ ನೌಕಾಪಡೆಯ ಆರು ಮಂದಿ ಹೆಣ್ಣುಮಕ್ಕಳು ‘ತಾರಿಣಿ’ಯಲ್ಲಿ ಅದೇ ಸಾಹಸವನ್ನು ಮಾಡಿದರು. ಓದಿ ಹೆಮ್ಮೆಪಟ್ಟೆವು, ನ್ಯಾಯವೇ. ಮುಂಬಯಿಯ ಧನಿಕರು ಭಾನುವಾರ ಗೆಳೆಯರನ್ನು ಕೂಡಿಕೊಂಡು ಸ್ವಂತ ನೌಕೆಯಲ್ಲಿ ವಿಹರಿಸಿದರೆ ಅದು ನಾಗರಿಕತೆಯ ಲಕ್ಷಣ. ಆದರೆ ತಿರುಮಕೂಡಲು ನರಸೀಪುರದಲ್ಲಿ ನಾಲ್ವರು ಸಂಬಳದಾರರು ಸೇರಿ ಒಂದು ಹರಿಗೋಲನ್ನು ಕೊಂಡು, ತಾವೇ ಟಾರು ಬಳಿದು, ರಜೆಯ ದಿನ ಹೊಳೆಗಿಳಿದರೆ? ಅದು ಹುಚ್ಚು. ಇನ್ನೂ ಬಾಯಿಬಿಟ್ಟು ಹೇಳುವವರ ಮಾತಿನಲ್ಲಿ, ‘ಬೆಸ್ತರ ಕೆಲಸ’.

ಆ ನಾಲ್ವರಲ್ಲಿ ಈ ಲೇಖಕನೂ ಒಬ್ಬ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಇದೇಕೆ ಎಂದು ಕೇಳದವರು ಊರಿನಲ್ಲಿ ಕಡಿಮೆ. ಉತ್ತರವನ್ನು ಒಂದೇ ಸಲ ಹೇಳಿಬಿಡುವುದು ಲೇಸು.

ಇದೂ ಒಂದು ದೋಣಿಯೇ ಎಂಬುದು ಮೊದಲನೆಯ ಆಕ್ಷೇಪ. ಮುಂದಿಲ್ಲ, ಹಿಂದಿಲ್ಲ, ದುಂಡನೆಯ ಬುಟ್ಟಿ. ನಮ್ಮ ಕಡೆ ತೆಪ್ಪವೆಂದೂ ಕರೆಯುತ್ತಾರೆ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಚರ್ಮ ಹೊದಿಸಿದ ಇಂಥ ಬುಟ್ಟಿದೋಣಿಗಳು ಹದಿನೈದು ಇಪ್ಪತ್ತು ಮಂದಿಯನ್ನು ಹೊಳೆ ದಾಟಿಸುತ್ತಿದ್ದುದನ್ನೂ, ಬೇಕಾದರೆ ಕುದುರೆ ಎತ್ತುಗಳನ್ನೂ ಹೊರುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಸಮುದ್ರದ ಹಾಯಿನೌಕೆಗೆ ನೀರಿನೊಳಕ್ಕೆ ಇಳಿಬಿದ್ದ ಭಾರವಾದ ಅಡಿಭಾಗವುಂಟು. ಅದನ್ನು ಬೇಸಿಗೆಯ ಕಾವೇರಿಗೆ ತಂದರೆ ಮೊದಲನೆಯ ಮರಳುದಿಬ್ಬದಲ್ಲೇ ಹೂತುಕೊಂಡೀತು. ಹರಿಗೋಲೋ, ಮೊಳಕಾಲುದ್ದದ ನೀರಿನಲ್ಲೂ ಬಂಡೆಯ ಪಕ್ಕದಲ್ಲಿ ನುಸುಳಿಕೊಂಡು ಹೋಗುತ್ತದೆ. ಈ ಹೊಳೆಗೆ ಇದೇ ಸರಿಯಾದ ದೋಣಿ.

ಸಾಕುವುದು ಮಾತ್ರ ಹಸು ಸಾಕಿದಷ್ಟೇ ಕೆಲಸ. ಬಿದಿರಿನ ಸೀಳುಗಳ ಹೆಣಿಗೆ, ಅದರ ಮೇಲೆ ಹಿಂದೆ ತೊಗಲು, ಈಗ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟಾರು. ವಿಹಾರ ಮುಗಿದೊಡನೆ ದಡಕ್ಕೆಳೆದು ಬೋರಲು ಹಾಕಬೇಕು. ಒದ್ದೆ ನಿಂತರೆ ಬಿದಿರು ಕೊಳೆಯುತ್ತದೆ. ಬಿಸಿಲು ಹೆಚ್ಚಾದರೆ ಟಾರು ಬಿರಿಯುತ್ತದೆ. ಬಿರುಕು ಹುಡುಕಿ ತೇಪೆ ಹಾಕಬೇಕು. ಹೆಣಿಗೆಯಿಂದ ಬಿಳಿಯ ಹುಡಿ ಉದುರಿದರೆ ಹುಳು ಹಿಡಿದಿದೆಯೆಂದೇ ಅರ್ಥ. ಆ ಸೀಳನ್ನು ಕಿತ್ತು ಹೊಸದನ್ನು ಸೇರಿಸಬೇಕು. ಉಗುರಿನ ಸಂದಿಯ ಟಾರು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದರೂ ಸೋಮವಾರದ ತರಗತಿಗೆ ಜೊತೆಯಲ್ಲೇ ಬರುತ್ತದೆ. ನಮ್ಮ ಸಹೋದ್ಯೋಗಿಗಳಿಗೆ ಸಹಿಸಲಾಗದಿರುವುದು ಹೊಳೆಯಲ್ಲ, ಈ ಉಗುರು.

ಅಪಾಯದ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಕಾವೇರಿ ಕಪಿಲೆಯರು ಕೂಡುವ ಕಡೆ ಸೆಳವು ಯಾರ ಮಾತನ್ನೂ ಕೇಳದು. ಮೇಲೆ ಕನ್ನಂಬಾಡಿಯಲ್ಲೋ ಕಬಿನಿಯಲ್ಲೋ ತೂಬೆತ್ತಿದರೆ ನೋಡನೋಡುತ್ತ ನೀರೇರುತ್ತದೆ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ಮೈಸೂರು-ನಂಜನಗೂಡು ಹೆದ್ದಾರಿಯೇ ಮುಚ್ಚಿದ್ದನ್ನು ಮರೆತವರಿಲ್ಲ. ಮಳೆಗಾಲದಲ್ಲಿ ನಮ್ಮ ಹರಿಗೋಲು ಕೊಟ್ಟಿಗೆ ಬಿಟ್ಟು ಹೊರಡದು. ಉಳಿದ ದಿನಗಳಲ್ಲೂ ತೇಲುವ ಅಂಗಿ ತೊಡದವರಿಗೆ ಒಳಗೆ ಜಾಗವಿಲ್ಲ. ನಮಗೆ ವಿದ್ಯೆ ಕಲಿಸಿದ ಹಿರಿಯ ಅಂಬಿಗರು ನೀರನ್ನು ನೋಡಿ ‘ಇವತ್ತು ಬ್ಯಾಡಿ ಮೇಷ್ಟ್ರೇ’ ಎಂದರೆ ಅಲ್ಲಿಗೆ ಮಾತು ಮುಗಿಯಿತು. ಹುಟ್ಟಿನಿಂದ ನೀರನ್ನು ಹೊಡೆಯದೆ ನಮ್ಮ ಕಡೆಗೆ ಸೆಳೆದುಕೊಳ್ಳಬೇಕೆಂದು ಕಲಿಸಿದವರೂ ಅವರೇ. ಹಾಗೆ ಸೆಳೆಯಲು ಬಾರದವನ ಹರಿಗೋಲು ಇದ್ದಲ್ಲೇ ಗಿರಗಿರನೆ ಸುತ್ತುತ್ತದೆ.

ಅಂಬಿಗನ ಅನ್ನ ಕಿತ್ತುಕೊಳ್ಳುತ್ತೀರೆಂದು ಕನಿಕರ ತೋರುವವರೂ ಇದ್ದಾರೆ. ನಾವು ಕೂಲಿಗೆ ಯಾರನ್ನೂ ಹತ್ತಿಸಿಕೊಳ್ಳುವುದಿಲ್ಲ. ಹರಿಗೋಲು ಹೆಣೆಸಿದ್ದು ಅವರಿಂದ, ದೊಡ್ಡ ರಿಪೇರಿಗೆ ಹಣ ತೆರುವುದು ಅವರಿಗೆ. ಕಡವಿನ ಅನ್ನ ಸೇತುವೆಗಳಾದಾಗಲೇ ಹೋಯಿತು. ಆಗ ಈ ಕನಿಕರ ಎಲ್ಲಿತ್ತೋ ಕಾಣೆ.

ಕೊನೆಗುಳಿಯುವುದು ಯಾರೂ ಎದುರಿಗೆ ಆಡದ ಆಕ್ಷೇಪ, ಜಾತಿಯದು. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನ ಭಾವಚಿತ್ರಕ್ಕೆ ಪ್ರತಿವರ್ಷ ಜಯಂತಿಯಂದು ಹಾರ ಹಾಕುತ್ತೇವೆ. ಅವನ ನಿಷ್ಠುರವಾದ ವಚನಗಳನ್ನು ಬಿ.ಎ. ತರಗತಿಗೆ ವಿವರಿಸುತ್ತೇವೆ. ಭವಸಾಗರ, ದೋಣಿ, ಹುಟ್ಟು, ಅಂಬಿಗ, ಇವೆಲ್ಲ ರೂಪಕಗಳೆಂದು ಉತ್ತರಪತ್ರಿಕೆಯಲ್ಲಿ ಬರೆದವನಿಗೆ ಅಂಕ ಕೊಡುತ್ತೇವೆ. ಬರೆದವನೂ ಅಂಕ ಕೊಟ್ಟವನೂ ಹುಟ್ಟು ಹಿಡಿದವರಲ್ಲ. ಹಾರಕ್ಕೆ ಅರ್ಹವಾದ ಕಸುಬು ಕೈಗೆ ಮಾತ್ರ ಹತ್ತಬಾರದು! ಬಿದಿರಿನ ಬದಲು ಫೈಬರ್, ಟಾರಿನ ಬದಲು ಬಣ್ಣ, ಮೇಲೊಂದು ಬಿಳಿಯ ಹಾಯಿ ಇದ್ದಿದ್ದರೆ ಇದೇ ಜನ ಸದಸ್ಯತ್ವಕ್ಕೆ ಅರ್ಜಿ ಹಾಕುತ್ತಿದ್ದರೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಇನ್ನೊಂದು ಮಾತು. 1989ರಿಂದ ಇಲ್ಲಿ ಕುಂಭಮೇಳ ನಡೆದುಬಂದಿದೆ. 2025ರ ಫೆಬ್ರವರಿಯಲ್ಲೂ ಲಕ್ಷಾಂತರ ಜನ ಮಿಂದು ಹೋದರು. ಸೋಪಾನದ ಮೇಲೆ ನಿಂತು ಮೂರು ಮುಳುಗು ಹಾಕುವವನಿಗೆ ಕಣ್ಣು ಮುಚ್ಚಿರುತ್ತದೆ. ಹರಿಗೋಲಿನಲ್ಲಿ ಅರ್ಧ ದಿನ ತೇಲುವವನಿಗೆ ಯಾವ ಚರಂಡಿ ಎಲ್ಲಿ ಹೊಳೆಗೆ ಸೇರುತ್ತದೆಂಬುದು ಮೂಗಿನಿಂದಲೇ ತಿಳಿಯುತ್ತದೆ. ನಂಜನಗೂಡಿನ ಕೆಳಗಿನ ಕಪಿಲೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2018ರ ಮಲಿನ ನದಿಪಾತ್ರಗಳ ಪಟ್ಟಿಗೆ ಸೇರಿತ್ತು. ನಮ್ಮ ಊರಿನ ಎಷ್ಟು ಮಂದಿ ಸುಶಿಕ್ಷಿತರು ಅದನ್ನು ನೀರಿನ ಮೇಲಿಂದ ನೋಡಿದ್ದಾರೆ?

ನಮ್ಮ ಹರಿಗೋಲಿನಲ್ಲಿ ಇನ್ನೊಬ್ಬರಿಗೆ ಸ್ಥಳವಿದೆ. ಬರುವವರು ಹಳೆಯ ಪಂಚೆಯೊಂದನ್ನು ತರಲಿ. ಮೊದಲ ಭಾನುವಾರ ಟಾರು ಬಳಿಯುವುದಿದೆ.