ಒಸಡಿನ ರಕ್ತ ಮತ್ತು ಉಷ್ಣದ ನೆಪ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ದಿಲ್ಲಿಯ ಕೇಂದ್ರ ಸರ್ಕಾರಿ ನೌಕರರಾದ ನಾವು ನಿವೃತ್ತಿಯ ಲೆಕ್ಕಾಚಾರ ಮಾಡುವಾಗ ನಗುತ್ತ ಹೇಳಿಕೊಳ್ಳುವುದುಂಟು. ಗಾದೆಯ ಕಡಲೆಗೆ ವೇತನ ಆಯೋಗಗಳು ತಕ್ಕಮಟ್ಟಿಗೆ ವ್ಯವಸ್ಥೆ ಮಾಡಿವೆ. ಹಲ್ಲಿನ ಭಾಗವನ್ನು ಮಾತ್ರ ನಾವು ವಿಧಿಯೆಂದೇ ಒಪ್ಪಿಕೊಂಡಿದ್ದೇವೆ. ವಯಸ್ಸಾದ ಮೇಲೆ ಹಲ್ಲು ಉದುರುವುದು ಹಣ್ಣೆಲೆ ಉದುರಿದಷ್ಟೇ ಸಹಜವೆಂಬ ಈ ಸಮಾಧಾನ ನಮಗೆ ಒಪ್ಪಿಗೆಯಾಗದು. ನಡುವಯಸ್ಸು ದಾಟಿದವರ ಗಟ್ಟಿ ಹಲ್ಲುಗಳು ಅಲುಗಾಡತೊಡಗುವುದಕ್ಕೆ ಮುಖ್ಯ ಕಾರಣ ವಯಸ್ಸಲ್ಲ, ಒಸಡಿನ ರೋಗ. ಅದನ್ನು ಬಹುಮಟ್ಟಿಗೆ ತಡೆಯಬಹುದು.

ಹಲ್ಲುಜ್ಜುವಾಗ ಉಗುಳಿನಲ್ಲಿ ಕೆಂಪು ಕಂಡರೆ ನಮ್ಮ ಮನೆಗಳಲ್ಲಿ ಸಿದ್ಧವಾಗಿರುವ ಉತ್ತರ ‘ಉಷ್ಣ’. ಜೂನ್ ತಿಂಗಳ ಲೂ ಗಾಳಿ ಇದಕ್ಕೆ ಸಾಕ್ಷಿ ಹೇಳಲು ಬರುತ್ತದೆ. ಮಜ್ಜಿಗೆ ಕುಡಿದು, ರಕ್ತ ಬಂದ ಜಾಗವನ್ನು ಬಿಟ್ಟು ಉಳಿದ ಕಡೆ ಬ್ರಶ್ ಆಡಿಸುತ್ತೇವೆ. ಮಾಡಬೇಕಾದುದು ಇದಕ್ಕೆ ತೀರ ವಿರುದ್ಧ. 1965ರಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ಆರೋಗ್ಯವಂತರಾದ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಎಲ್ಲರ ಒಸಡುಗಳಲ್ಲೂ ಉರಿಯೂತ ಕಾಣಿಸಿತು. ಮತ್ತೆ ಶುಚಿಗೊಳಿಸತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಅವು ಮೊದಲಿನಂತಾದವು. ಹಲ್ಲಿನ ಬುಡದಲ್ಲಿ ದಿನವೂ ಕೂರುವ ಜಿಗುಟಾದ ಸೂಕ್ಷ್ಮಾಣು ಪದರವೇ ಅಪರಾಧಿ ಎಂಬುದು ಅಂದೇ ತೀರ್ಮಾನವಾಯಿತು. ರಕ್ತ ಬರುವ ಜಾಗವೇ ಹೆಚ್ಚು ಆರೈಕೆ ಬೇಡುವ ಜಾಗ.

ಇಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: ನಮ್ಮಜ್ಜ ಇದ್ದಿಲಿನಲ್ಲಿ ಉಜ್ಜಿ ಕೊನೆಗಾಲದವರೆಗೂ ಕಬ್ಬು ಸಿಗಿಯುತ್ತಿದ್ದರಲ್ಲ? ಸಿಗಿಯುತ್ತಿದ್ದಿರಬಹುದು. ಹಲ್ಲುಜ್ಜುವ ರೂಢಿಯೇ ಇಲ್ಲದ ಶ್ರೀಲಂಕಾದ 480 ಚಹಾ ತೋಟದ ಕಾರ್ಮಿಕರನ್ನು ಅದೇ ಲೋ ಅವರ ತಂಡ 1970ರಿಂದ ಹದಿನೈದು ವರ್ಷ ಗಮನಿಸಿತು. ಸುಮಾರು ಶೇ. 11 ಮಂದಿಯಲ್ಲಿ ರೋಗ ಮುಂದುವರಿಯಲಿಲ್ಲ, ಶೇ. 8 ಮಂದಿಯಲ್ಲಿ ಅತಿವೇಗವಾಗಿ, ಉಳಿದವರಲ್ಲಿ ಸಾವಧಾನವಾಗಿ ಹಲ್ಲಿನ ಆಧಾರವನ್ನು ತಿಂದಿತು. ಅಜ್ಜ ಆ ಹನ್ನೊಂದರಲ್ಲಿ ಒಬ್ಬರು. ಮೊಮ್ಮಗನಿಗೂ ಅದೇ ಭಾಗ್ಯವಿದೆಯೆಂದು ಯಾರು ಹೇಳಬೇಕು?

ನಂಜನಗೂಡು ಹಲ್ಲುಪುಡಿಯ ವಿಷಯದಲ್ಲಿ ನಾವು ನಿಷ್ಠುರರಾಗಲಾರೆವು. ಬಿ. ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಆ ಪುಡಿಯನ್ನು ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಬರುವವರ ಕೈಯಲ್ಲಿ ತರಿಸಿಕೊಳ್ಳುವ ಮನೆಗಳು ಇಲ್ಲಿವೆ. ಅದರ ಪರಿಮಳದಲ್ಲಿ ಊರು ಇದೆ. ಆದರೆ ಬೆರಳು ಹಲ್ಲಿನ ಮುಖವನ್ನು ಮಾತ್ರ ತಿಕ್ಕಬಲ್ಲದು, ಸಂದಿಗೂ ಒಸಡಿನಂಚಿಗೂ ತಲುಪದು. ದಿಲ್ಲಿಯ ಪಾದಚಾರಿ ಮಾರ್ಗದಲ್ಲಿ ಮಾರುವ ಬೇವಿನ ದಾತುನಿಗೂ ಇದೇ ಮಿತಿ. ಉತ್ತರ ಭಾರತದ ‘ಗುಲ್’ ಬೇರೆಯದೇ ಕಥೆ: ಅದು ಹಲ್ಲುಪುಡಿಯ ವೇಷದ ಹೊಗೆಸೊಪ್ಪು. ದಂತಮಂಜನದಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಸಿಗರೇಟಿನವರಿಗೊಂದು ಮಾತು. ಧೂಮಪಾನಿಗಳ ಒಸಡು ರೋಗವಿದ್ದರೂ ಅಷ್ಟಾಗಿ ರಕ್ತ ಸುರಿಸದು. ಅದನ್ನು ಆರೋಗ್ಯವೆಂದು ತಿಳಿಯಬಾರದು.

ಮೆದು ಎಳೆಗಳ ಬ್ರಶ್ಶನ್ನು ಒಸಡಿನಂಚಿಗೆ ಓರೆಯಾಗಿ ಹಿಡಿದು, ಪಾತ್ರೆ ತಿಕ್ಕಿದಂತೆ ತಿಕ್ಕದೆ, ಎರಡು ನಿಮಿಷ ಮೃದುವಾಗಿ ಆಡಿಸಬೇಕು. ಸಂದಿಗಳಿಗೆ ದಿನಕ್ಕೊಮ್ಮೆ ಫ್ಲಾಸ್ ದಾರ ಅಥವಾ ಸಣ್ಣ ಸಂದಿಬ್ರಶ್. ಇಷ್ಟೇ. ಕಷ್ಟವಿರುವುದು ಎರಡನೆಯ ಸಲದಲ್ಲಿ, ಅಂದರೆ ರಾತ್ರಿಯದರಲ್ಲಿ. ಜನವರಿಯ ದಿಲ್ಲಿಯಲ್ಲಿ ರಜಾಯಿಯೊಳಗೆ ಸೇರಿದವರು ಮತ್ತೆದ್ದು ತೊಟ್ಟಿಯ ಮಂಜುನೀರನ್ನು ಬಾಯಿಗೆ ಹಾಕಿಕೊಳ್ಳಬೇಕೆನ್ನುವುದು ಅಲ್ಪ ತಪಸ್ಸಲ್ಲ. ಊಟವಾದ ಸ್ವಲ್ಪ ಹೊತ್ತಿಗೇ, ಗೀಸರಿನ ನೀರಿನಲ್ಲಿ ಮುಗಿಸಿಬಿಡುವುದು ನಮಗೆ ತೋಚುವ ಮಾರ್ಗ.

ಆ ಪದರ ಗಟ್ಟಿಯಾಗಿ ಕಿಟ್ಟವಾದರೆ ಯಾವ ಬ್ರಶ್ಶಿಗೂ ಜಗ್ಗದು, ದಂತವೈದ್ಯರೇ ತೆಗೆಯಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂಬ ಭಯ ವಿದ್ಯಾವಂತರಲ್ಲೂ ಇದೆ. ಹಲ್ಲನ್ನು ಸಡಿಲಗೊಳಿಸಿದ್ದು ಕಿಟ್ಟದಡಿಯ ರೋಗ. ಕಿಟ್ಟ ಹೋದಾಗ ಅದು ನಮ್ಮ ಅರಿವಿಗೆ ಬರುತ್ತದೆ, ಅಷ್ಟೆ. ಏಮ್ಸ್‌ನ ದಂತ ಕೇಂದ್ರವೂ ದಿಲ್ಲಿ ಗೇಟಿನ ಬಳಿಯ ಮೌಲಾನಾ ಆಜಾದ್ ದಂತವಿಜ್ಞಾನ ಸಂಸ್ಥೆಯೂ ಇರುವ ಊರಿನಲ್ಲಿ, ನೋವು ಬಂದ ಮೇಲೆಯೇ ಹೋಗುವ ಹಟ ನಮಗೇಕೆ? ಒಸಡಿನ ರೋಗ ಬಹುಕಾಲ ನೋಯುವುದೇ ಇಲ್ಲ. ಸಕ್ಕರೆ ಕಾಯಿಲೆಯವರಿಗಂತೂ ಇದು ಎರಡಲಗಿನ ಕತ್ತಿ: ಸಕ್ಕರೆ ಏರಿದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ನಮ್ಮವರ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ, ರಕ್ತದೊತ್ತಡಗಳ ಪಕ್ಕದಲ್ಲಿ ದಂತವೈದ್ಯರಿಗೂ ಒಂದು ಕುರ್ಚಿ ಹಾಕಬೇಕೆಂಬುದು ನಮ್ಮ ಆಗ್ರಹ. ತ, ಥ, ದ, ಧ, ನ ಎಂಬ ದಂತ್ಯಗಳನ್ನು ತಿದ್ದಿ ಉಚ್ಚರಿಸಬೇಕೆನ್ನುವ ಸಾಹಿತ್ಯಾಸಕ್ತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಕ್ಕಳ ಮನೆಗೆಂದು ಊರಿನಿಂದ ದಿಲ್ಲಿಗೆ ಬಂದಿರುವ ಹಿರಿಯರ ಸಂಕಟ ಬೇರೆ. ‘ಒಸಡು’ ಎಂದರೆ ಇಲ್ಲಿಯ ವೈದ್ಯರಿಗೆ ತಿಳಿಯದು. ‘ಮಸೂಡಾ’ ಎಂದರೆ ಅಮ್ಮನಿಗೆ ತಿಳಿಯದು. ಹಲ್ಲುನೋವೆಂದು ಕೈಸನ್ನೆಯಲ್ಲಿ ತೋರಿಸಿ ಅವರು ಮಾತ್ರೆ ಪಡೆದು ಬರುತ್ತಾರೆ. ಜೊತೆಗೆ ಹೋಗುವವರು ರಕ್ತ ಎಂದಿನಿಂದ ಬರುತ್ತಿದೆ, ಯಾವ ಹಲ್ಲು ಅಲುಗುತ್ತದೆ, ಸಕ್ಕರೆಗೆ ಯಾವ ಮಾತ್ರೆ ನಡೆದಿದೆ ಎಂಬುದನ್ನು ಮನೆಯಲ್ಲೇ ಕನ್ನಡದಲ್ಲಿ ಕೇಳಿ, ಚೀಟಿಯಲ್ಲಿ ಬರೆದುಕೊಂಡು ಹೊರಡಲಿ.