ತಮಟೆಗೆ ಎರಡು ಕೋಲು, ಎರಡೂ ಒಂದೇ ಥರ ಅಲ್ಲ

ಹೋದ ಏಪ್ರಿಲ್ 14ಕ್ಕೆ ನಮ್ಮ ಕೇರಿ ಕಾರ್ಯಕ್ರಮಕ್ಕೆ ಪೋಸ್ಟರ್ ಬರೆದಿದ್ದೆ. ತಮಟೆ ಬಡಿಯೋ ಗಂಡಸು, ಹಿಂದೆ ನೀಲಿ ಬಾವುಟ. ಲೈಕುಗಳು ಬಂದವು. ದೊಡ್ಡಪ್ಪ ಮಾತ್ರ ತುಂಬಾ ಹೊತ್ತು ನೋಡಿ, "ಇದ್ಯಾವ ವಾದ್ಯ ಮಗ?" ಅಂದ್ರು.

ಜೀವಮಾನವೆಲ್ಲ ತಮಟೆ ಹೊತ್ತ ಹೆಗಲು ಅವರದು. ನಾನು ಎರಡೂ ಕೈಗೆ ಒಂದೇ ಥರದ ಕೋಲು ಕೊಟ್ಟಿದ್ದೆ. ತಮಟೆಗೆ ಒಂದು ಕೈಲಿ ಗಿಡ್ಡ ದಪ್ಪ ಕೋಲು, ಇನ್ನೊಂದು ಕೈಲಿ ಉದ್ದನೆಯ ತೆಳ್ಳನೆ ಕಡ್ಡಿ. ಆ ಸದ್ದು ಕೇಳ್ಕೊಂಡೇ ಬೆಳೆದ ನನಗೆ ಇದು ಗೊತ್ತಿಲ್ವಾ? ಗೊತ್ತು. ಆದ್ರೆ ಬರೆಯೋಕೆ ಕೂತಾಗ ಗೂಗಲ್ ನೋಡಿದ್ದೆ, ಪಕ್ಕದ ಮನೆಯ ದೊಡ್ಡಪ್ಪನ ಕೈ ನೋಡಿರಲಿಲ್ಲ.

ಅವತ್ತಿಂದ ಒಂದು ಸ್ಕೆಚ್ ಪುಸ್ತಕ ಜೊತೆಗಿದೆ. ಅದು ಯಾರಿಗೂ ತೋರಿಸೋಕಲ್ಲ. ಮುಂದೆ ಬರೆಯೋ ಚಿತ್ರಗಳಿಗೆ ಬಿತ್ತನೆ ಕಾಳು ಎತ್ತಿಟ್ಟ ಹಾಗೆ. ತಮಟೆ ಕಾಯಿಸೋಕೆ ಬೆಂಕಿ ಮುಂದೆ ಬಾಗಿದ ಬೆನ್ನು, ರಂಪಿಗೆ ಹಿಡಿದ ಬೆರಳು, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಒಂದೇ ಕೈಯನ್ನ ಹತ್ತು ಸಲ ಬರೆದಿದೀನಿ.

"ಫೋನಲ್ಲಿ ಫೋಟೋ ತೆಗೀಬಹುದಲ್ಲ?" ಅಂತಾರೆ. ತೆಗೀಬಹುದು. ಆದ್ರೆ ಫೋಟೋಗೆ ಒಂದು ಕ್ಷಣ ಸಾಕು, ಚಿತ್ರಕ್ಕೆ ಅರ್ಧ ಗಂಟೆ ಎದುರಿಗೆ ಕೂರಬೇಕು. ಕೂತ್ರೆ ಅವರು ಮಾತಾಡ್ತಾರೆ. ನಮ್ಮ ತಪ್ಪು ಹೇಳ್ತಾರೆ. ಕಸ ಗುಡಿಸೋ ಅಕ್ಕ ಒಬ್ರು ನನ್ನ ಪುಸ್ತಕ ತಿರುವಿ ಹಾಕಿ ಕೇಳಿದ್ರು: "ಬರೀ ಕೈ, ಪೊರಕೆ, ಗಾಡಿ. ನನ್ನ ಮುಖ ಎಲ್ಲಪ್ಪಾ? ಮಗಳ ಮದುವೇಲಿ ಉಟ್ಟ ಸೀರೇಲಿ ಬರಿ."

ಕಪಾಳಕ್ಕೆ ಹೊಡೆದಂಗಾಯ್ತು. ನಮ್ಮನ್ನ ಬರೀ ನೋವಾಗಿ ನೋಡೋ ಮೇಲ್ಜಾತಿ ಕಣ್ಣನ್ನ ಬೈಯೋ ನಾನೇ ಅದೇ ಕಣ್ಣಲ್ಲಿ ಪುಸ್ತಕ ತುಂಬಿಸಿದ್ದೆ.

ನಮ್ಮನ್ನ ಬೇರೆಯವರು ಬರೆದಾಗ ಏನಾಗುತ್ತೆ ಅಂತ ನೋಡಬೇಕಾದ್ರೆ, ಉನ್ನಮತಿ ಶ್ಯಾಮ ಸುಂದರ್ 2019ರಲ್ಲಿ ತಂದ ಅಂಬೇಡ್ಕರ್ ವ್ಯಂಗ್ಯಚಿತ್ರಗಳ ಸಂಗ್ರಹ ತೆಗೀರಿ. 1932ರಿಂದ 1956ರವರೆಗೆ ಪತ್ರಿಕೆಗಳು ಬಾಬಾಸಾಹೇಬರನ್ನ ಎಷ್ಟು ಕುಗ್ಗಿಸಿ ಬರೆದವು ಅಂತ ಕಾಣುತ್ತೆ. ಇನ್ನೊಂದು ಕಡೆ, 1943ರ ಬಂಗಾಳದ ಬರಗಾಲದಲ್ಲಿ ಚಿತ್ತಪ್ರಸಾದ್ ಮಿಡ್ನಾಪುರದ ಹಳ್ಳಿಗಳನ್ನ ಸುತ್ತಿ, ಹಸಿದ ಜನರನ್ನ ಎದುರಿಗೇ ನೋಡಿ ಬರೆದರು. ಅವರ 'ಹಂಗ್ರಿ ಬೆಂಗಾಲ್' ಪ್ರತಿಗಳನ್ನ ಬ್ರಿಟಿಷ್ ಸರ್ಕಾರ ಜಪ್ತಿ ಮಾಡಿ ನಾಶ ಮಾಡ್ತು. ಪೆನ್ಸಿಲ್ಲಿಗೂ ಸರ್ಕಾರ ಹೆದರುತ್ತೆ ಗೆಳೆಯರೇ.

ಹಾಗಾಗಿ ಚಿತ್ರ ಬರೆಯೋ ನಮ್ಮ ಹುಡುಗ ಹುಡುಗೀರಿಗೆ ಒಂದು ಮಾತು. ಕೇಳಿ ಬರೀರಿ, ಬರೆದದ್ದನ್ನ ಅವರಿಗೇ ಮೊದಲು ತೋರಿಸಿ. ಅವರು ಒಪ್ಪಿದ್ರೆ ಹೆಸರು, ಊರು, ತಾರೀಖು ಹಾಕಿ. ಬೇಡ ಅಂದ್ರೆ ಪುಟ ಹರಿದು ಅವರ ಕೈಗೇ ಕೊಡಿ. ಮ್ಯಾನ್‌ಹೋಲ್ ಬರೀರಿ, ಬರೀಲೇಬೇಕು. 2013ರ ಕಾಯ್ದೆ ಬಂದ ಮೇಲೂ ಜನ ಅದರೊಳಗೆ ಸಾಯ್ತಿದಾರೆ. ಜೊತೆಗೇ ಹಾಸ್ಟೆಲ್ ಮಂಚದ ಮೇಲೆ ಓದ್ತಾ ನಿದ್ದೆ ಹೋದ ಹುಡುಗೀನೂ ಬರೀರಿ. ಜಗಲಿ ಮೇಲೆ ನಗೋ ಅಜ್ಜೀನೂ ಬರೀರಿ.

ಮುಂದಿನ ಏಪ್ರಿಲ್ 14ರ ಪೋಸ್ಟರಿಗೆ ನನ್ನ ಹತ್ರ ಈಗ ದೊಡ್ಡಪ್ಪನ ಕೈ ಇದೆ. ಮದುವೆ ಸೀರೆ ಉಟ್ಟ ಅಕ್ಕನ ಮುಖಾನೂ ಇದೆ, ಅವರೇ ಕೂತು ಬರೆಸಿದ್ದು.

ಜೈ ಭೀಮ್.